ಭುಜ ಜಾರಿತು, ಕೂರಿಸಿದರು… ಆಮೇಲೆ?

ಅಕ್ಕನ ಮಗನಿಗೆ ಹತ್ತೊಂಬತ್ತು ವರ್ಷ. ಕಾಲೇಜಿನಲ್ಲಿ ವಾಲಿಬಾಲ್ ಆಡುವಾಗ ಅವನ ಬಲ ಭುಜ ಜಾರಿತು. ಆಸ್ಪತ್ರೆಯಲ್ಲಿ ಕೂರಿಸಿದರು, ಕೈಗೆ ಸ್ಲಿಂಗ್ ಹಾಕಿ ಕಳಿಸಿದರು. ವಾರದಲ್ಲಿ ನೋವು ಹೋಯಿತು, ಸ್ಲಿಂಗ್ ಬೀರು ಸೇರಿತು. ಐದು ತಿಂಗಳ ನಂತರ ಸ್ಲೀಪರ್ ಬಸ್ಸಿನ ಮೇಲಿನ ಬರ್ತ್ ಹತ್ತುವಾಗ ಮತ್ತೆ ಜಾರಿತು. ಮೂರನೇ ಸಲ ಜಾರಿದ್ದು ನಿದ್ದೆಯಲ್ಲಿ! ತಲೆಯ ಕೆಳಗೆ ಕೈ ಇಟ್ಟುಕೊಂಡು ಮಲಗಿದ್ದನಂತೆ, ಅಷ್ಟೆ.

"ಒಂದ್ಸಲ ಸರಿ ಮಾಡಿದ್ದಾರಲ್ವಾ, ಮತ್ತೆ ಯಾಕೆ ಜಾರುತ್ತೆ?" ಎಂದು ಅಕ್ಕ ಕೇಳಿದಳು. ಮನೆಯಲ್ಲಿ ಕಬಡ್ಡಿ ಆಡುವ ಹುಡುಗರೋ ಬಚ್ಚಲಲ್ಲಿ ಕಾಲು ಜಾರಿ ಬಿದ್ದ ಅಜ್ಜಿಯೋ ಇದ್ದರೆ, ಇವತ್ತಲ್ಲ ನಾಳೆ ನೀವೂ ಈ ಪ್ರಶ್ನೆ ಕೇಳಬೇಕಾಗಬಹುದು. ಉತ್ತರ ಇಷ್ಟು: ಭುಜ ಕೂರಿಸುವುದು ಎಂದರೆ ಮೂಳೆಯನ್ನು ಅದರ ಜಾಗಕ್ಕೆ ತರುವುದು ಮಾತ್ರ. ಜಾರುವಾಗ ಒಳಗೆ ಹರಿದದ್ದು ಕೂರಿಸಿದ ಮಾತ್ರಕ್ಕೆ ಅಂಟಿಕೊಳ್ಳುವುದಿಲ್ಲ. ಏನು ಹರಿಯಿತು, ಯಾರ ಭುಜದಲ್ಲಿ ಹರಿಯಿತು ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ.

ಮೊದಲು ಹೆಸರಿನ ಗೊಂದಲ

ನಮ್ಮಲ್ಲಿ ಭುಜದ ನೋವಿಗೆಲ್ಲ ಒಂದೇ ಮಾತು: "ಭುಜ ಹೋಗಿದೆ." ಆದರೆ ಹೋಗುವ ರೀತಿಗಳು ಬೇರೆ ಬೇರೆ. ಈ ಬರಹದಲ್ಲಿ ಹೇಳುತ್ತಿರುವುದು ಕೀಲು ತಪ್ಪುವುದು, ಅಂದರೆ ತೋಳಿನ ಮೂಳೆಯ ತುದಿ ತನ್ನ ಗೂಡಿನಿಂದ ಹೊರಬೀಳುವುದು. ಡಾಕ್ಟರು ಚೀಟಿಯಲ್ಲಿ ಡಿಸ್‌ಲೊಕೇಶನ್ ಎಂದು ಬರೆಯುತ್ತಾರೆ. ಪೂರ್ತಿ ಹೊರಬೀಳದೆ ಅಂಚಿನವರೆಗೆ ಹೋಗಿ ತಾನೇ ವಾಪಸ್ ಬಂದರೆ ಅದು ಸಬ್‌ಲಕ್ಸೇಶನ್, ಅರ್ಧ ಜಾರುವುದು. 2021ರ ಮಾರ್ಚ್‌ನಲ್ಲಿ ಪುಣೆಯಲ್ಲಿ ಇಂಗ್ಲೆಂಡ್ ಎದುರಿನ ಏಕದಿನ ಪಂದ್ಯದಲ್ಲಿ ಶ್ರೇಯಸ್ ಅಯ್ಯರ್ ಚೆಂಡು ತಡೆಯಲು ಹಾರಿ ಎಡ ಭುಜ ಹಿಡಿದುಕೊಂಡು ಹೊರನಡೆದರಲ್ಲ, ಅದಕ್ಕೆ ಕ್ರಿಕೆಟ್ ಮಂಡಳಿ ಕೊಟ್ಟ ಹೆಸರು ಇದೇ. ಅರ್ಧ ಜಾರುವುದು ಅಂದ್ರೆ ಅರ್ಧ ತೊಂದರೆ ಅಲ್ಲ. ಅವರಿಗೂ ಆಪರೇಷನ್ ಆಯಿತು.

ಫ್ರೋಜನ್ ಶೋಲ್ಡರ್ ಇದಕ್ಕೆ ಪೂರ್ತಿ ಉಲ್ಟಾ. ಅಲ್ಲಿ ಭುಜ ಬಿಗಿದುಕೊಳ್ಳುತ್ತದೆ, ಇಲ್ಲಿ ಸಡಿಲವಾಗುತ್ತದೆ. ಇನ್ನೊಂದಿದೆ: ಭುಜದ ನೆತ್ತಿಯಲ್ಲಿ ಕಾಲರ್ ಮೂಳೆಯ ತುದಿ ಮೇಲೆದ್ದು ಗುಬುಟು ಕಾಣುವುದು. ಅದು ಬೇರೆಯೇ ಕೀಲು, ಅದರ ಚಿಕಿತ್ಸೆಯೂ ಬೇರೆ.

ಚಮಚದ ಮೇಲಿನ ನಿಂಬೆಹಣ್ಣು

ಶಾಲೆಯಲ್ಲಿ ಬಾಯಲ್ಲಿ ಚಮಚ ಕಚ್ಚಿ ನಿಂಬೆಹಣ್ಣಿನ ಓಟ ಓಡಿದ್ದೀರಲ್ವಾ? ಭುಜದ ಕೀಲು ಹೆಚ್ಚುಕಡಿಮೆ ಹಾಗೇ ಇದೆ. ತೋಳಿನ ಮೂಳೆಯ ಮೇಲ್ತುದಿ ದುಂಡಗಿದೆ, ಆ ಗುಂಡೇ ನಿಂಬೆಹಣ್ಣು. ಬೆನ್ನಿನ ಮೇಲ್ಭಾಗದಲ್ಲಿ ರೆಕ್ಕೆಯ ಹಾಗೆ ಕಾಣುವ ಹೆಗಲ ಮೂಳೆಯ ಪಕ್ಕದಲ್ಲಿ ಹೆಚ್ಚು ಆಳವಿಲ್ಲದ ಒಂದು ಬಟ್ಟಲಿದೆ, ಅದು ಚಮಚ. ಈ ಬಟ್ಟಲು ಎಷ್ಟು ಚಿಕ್ಕದು ಎಂದರೆ, ಯಾವುದೇ ಕ್ಷಣದಲ್ಲಿ ಗುಂಡಿನ ಕಾಲುಭಾಗದಿಂದ ಮೂರನೇ ಒಂದು ಭಾಗ ಮಾತ್ರ ಅದಕ್ಕೆ ತಾಗಿಕೊಂಡಿರುತ್ತದೆ.

ಸೊಂಟದ ಕೀಲಿನ ರಚನೆ ಬೇರೆ. ಅದು ಒರಳಿನೊಳಗೆ ಕೂತ ಗುಂಡುಕಲ್ಲು. ಆಳವಾಗಿ ಕೂತಿರುತ್ತದೆ, ಸುಮ್ನೆ ಹೊರಬರುವುದಿಲ್ಲ. ಆದರೆ ಕಾಲನ್ನು ಕೈಯಷ್ಟು ಸಲೀಸಾಗಿ ಸುತ್ತಲೂ ತಿರುಗಿಸಲು ಆಗುವುದೂ ಇಲ್ಲ. ತಲೆ ಬಾಚುವುದು, ಬೆನ್ನು ಕೆರೆಯುವುದು, ಮರ ಹತ್ತುವುದು, ಚೆಂಡು ಎಸೆಯುವುದು ಎಲ್ಲವೂ ಭುಜದ ಬಟ್ಟಲು ಆಳವಿಲ್ಲದಿರುವುದರಿಂದಲೇ ಸಾಧ್ಯ. ಅದಕ್ಕೆ ಕೊಡುವ ಬೆಲೆಯೂ ದೊಡ್ಡದು: ದೇಹದ ದೊಡ್ಡ ಕೀಲುಗಳಲ್ಲಿ ಅತಿ ಹೆಚ್ಚು ಜಾರುವುದು ಭುಜ. ಆಸ್ಪತ್ರೆಗೆ ಬರುವ ಇಂಥ ಕೇಸುಗಳಲ್ಲಿ ಸುಮಾರು ಅರ್ಧ ಭುಜದ್ದೇ.

ಹಾಗಾದರೆ ನಿಂಬೆಹಣ್ಣು ದಿನಾ ಯಾಕೆ ಬೀಳುವುದಿಲ್ಲ? ಹಿಡಿದಿಡುವವರು ಮೂವರಿದ್ದಾರೆ.

ಮೊದಲನೆಯದು ಬಟ್ಟಲಿನ ಅಂಚಿಗೆ ಸುತ್ತಲೂ ಅಂಟಿಕೊಂಡಿರುವ ಮೆತ್ತನೆಯ ಉಂಗುರ. ಡಾಕ್ಟರು ಲೇಬ್ರಮ್ ಅನ್ನುತ್ತಾರೆ, ನಾವು ಸಿಂಬಿ ಅನ್ನೋಣ. ದುಂಡು ತಳದ ಬಿಂದಿಗೆ ಉರುಳದಿರಲಿ ಎಂದು ಕೆಳಗೆ ಸಿಂಬಿ ಇಡುತ್ತೇವಲ್ಲ, ಅದೇ ಕೆಲಸ ಇದರದ್ದು. ಬಟ್ಟಲನ್ನು ಇನ್ನಷ್ಟು ಆಳ ಮಾಡುತ್ತದೆ. ಜೊತೆಗೆ ಕುಕ್ಕರ್ ಗ್ಯಾಸ್ಕೆಟ್ಟಿನ ಹಾಗೆ ಒಳಗಿನ ಹಿಡಿತ ಸೋರದಂತೆ ಕಾಯುತ್ತದೆ. ಎರಡನೆಯದು ಇಡೀ ಕೀಲನ್ನು ಸುತ್ತಿರುವ ಚೀಲ ಮತ್ತು ಅದರಲ್ಲಿ ಸೇರಿಕೊಂಡ ಪಟ್ಟಿಗಳು. ಮೂರನೆಯದು ರೊಟೇಟರ್ ಕಫ್ ಎಂಬ ನಾಲ್ಕು ಸ್ನಾಯುಗಳ ಗುಂಪು. ತೇರು ಒಂದು ಕಡೆ ವಾಲದಂತೆ ಎರಡೂ ಬದಿಯ ಹಗ್ಗ ಹಿಡಿದವರು ಎಳೆದು ಸರಿದೂಗಿಸುತ್ತಾರಲ್ಲ, ಕೈ ಎತ್ತಲಿ ತಿರುಗಿಸಲಿ ಈ ನಾಲ್ಕೂ ಸೇರಿ ಗುಂಡನ್ನು ಬಟ್ಟಲಿನ ನಡುವಿಗೇ ಎಳೆದಿಡುತ್ತವೆ.

ಯಾವ ಭಂಗಿಯಲ್ಲಿ ಜಾರುತ್ತದೆ?

ಭುಜ ನೂರು ಸಲ ಜಾರಿದರೆ ಅದರಲ್ಲಿ ಸುಮಾರು ತೊಂಬತ್ತೈದು ಸಲ ಜಾರುವುದು ಮುಂದಕ್ಕೆ. ಸಿನಿಮಾದಲ್ಲಿ ಪೊಲೀಸರು "ಹ್ಯಾಂಡ್ಸ್ ಅಪ್" ಎಂದಾಗ ಕೈ ಇರುತ್ತದಲ್ಲ, ಅದೇ ಅಪಾಯದ ಭಂಗಿ. ಕೈ ಪಕ್ಕಕ್ಕೆ ಎತ್ತಿ ಹಿಂದಕ್ಕೆ ತಿರುಗಿದಾಗ ಗುಂಡು ಮುಂದಿನ ಅಂಚಿಗೆ ಒತ್ತುತ್ತದೆ. ಆಗ ಹಿಂದಿನಿಂದ ಇನ್ನೊಂದು ಎಳೆತ ಬಿದ್ದರೆ ಸಾಕು. ಕಬಡ್ಡಿಯಲ್ಲಿ ಕೈ ಚಾಚಿದ ರೈಡರನ್ನು ಡಿಫೆಂಡರ್ ಹಿಡಿದೆಳೆಯುವುದು, ವಾಲಿಬಾಲ್ ಬ್ಲಾಕ್, ಓಡುವ ಬಸ್ಸಿನ ಕಂಬಿ ಹಿಡಿದು ಜೋತಾಡುವುದು, ಸ್ಕೂಟರ್ ಸ್ಕಿಡ್ ಆಗಿ ಕೈಯೂರಿ ಬೀಳುವುದು, ಎಲ್ಲವೂ ಒಂದೇ ಲೆಕ್ಕ.

ಹಿಂದಕ್ಕೆ ಜಾರುವುದು ಅಪರೂಪ. ಆದರೆ ಅದನ್ನು ಗುರುತಿಸದೆ ಬಿಟ್ಟುಬಿಡುವ ಸಂಭವ ಜಾಸ್ತಿ. ಫಿಟ್ಸ್ ಬಂದಾಗ ಅಥವಾ ಕರೆಂಟ್ ಹೊಡೆದಾಗ ಭುಜದ ಸುತ್ತಲಿನ ಸ್ನಾಯುಗಳೆಲ್ಲ ಒಟ್ಟಿಗೆ ಬಿಗಿದು ಗುಂಡನ್ನು ಹಿಂದಕ್ಕೆ ತಳ್ಳಿಬಿಡುತ್ತವೆ. ಮುಂದಿನಿಂದ ಮಾತ್ರ ತೆಗೆದ ಎಕ್ಸ್-ರೇಯಲ್ಲಿ ಎಲ್ಲ ಸರಿ ಇದ್ದಂತೆಯೇ ಕಾಣಬಹುದು. ಗುರುತಿಸಲು ಒಂದು ಸುಳಿವಿದೆ: ಮೊಣಕೈಯನ್ನು ಪಕ್ಕೆಗೆ ಅಂಟಿಸಿಕೊಂಡು ಮುಂಗೈಯನ್ನು ಹೊರಗೆ ತಿರುಗಿಸಲು ಆಗುವುದೇ ಇಲ್ಲ. ಫಿಟ್ಸ್ ನಂತರ ಭುಜ ನೋವು ಎಂದವರನ್ನು "ಸುಸ್ತಿಗೆ ಇರಬಹುದು ಬಿಡು" ಎಂದು ಮಲಗಿಸಬೇಡಿ.

ಒಳಗೆ ಏನು ಹರಿಯುತ್ತದೆ?

ಅಕ್ಕನ ಪ್ರಶ್ನೆಗೆ ಉತ್ತರ ಇರುವುದು ಇಲ್ಲಿ. ಗುಂಡು ಮುಂದಕ್ಕೆ ಜಾರುವಾಗ ದಾರಿಯಲ್ಲಿರುವ ಸಿಂಬಿಯನ್ನು ಬಟ್ಟಲಿನ ಅಂಚಿನಿಂದ ಕಿತ್ತುಕೊಂಡೇ ಹೋಗುತ್ತದೆ. 1923ರಲ್ಲಿ ಲಂಡನ್ನಿನ ಸರ್ಜನ್ ಬ್ಲಂಡೆಲ್ ಬ್ಯಾಂಕಾರ್ಟ್, ಭುಜ ಮತ್ತೆ ಮತ್ತೆ ಜಾರಲು ಈ ಕಿತ್ತ ಅಂಚೇ ಮುಖ್ಯ ಕಾರಣ ಎಂದು ಬರೆದರು. ಅದಕ್ಕೇ ಎಂಆರ್‌ಐ ವರದಿಯಲ್ಲಿ 'ಬ್ಯಾಂಕಾರ್ಟ್' ಎಂಬ ಪದ ಬರುವುದು. ಬ್ಯಾಂಕಿಗೂ ಕಾರ್ಟಿಗೂ ಸಂಬಂಧವಿಲ್ಲ!

ಎರಡನೇ ಗಾಯ ಗುಂಡಿನ ಮೇಲೆ. ಹೊರಬಿದ್ದ ಗುಂಡಿನ ಹಿಂಭಾಗ ಬಟ್ಟಲಿನ ಗಟ್ಟಿ ಅಂಚಿಗೆ ಹೋಗಿ ಗುದ್ದುತ್ತದೆ. ಬಿಸಿ ಮುದ್ದೆಯನ್ನು ತಟ್ಟೆಯ ಅಂಚಿಗೆ ಒತ್ತಿದರೆ ಒಂದು ತಗ್ಗು ಬೀಳುತ್ತದಲ್ಲ, ಹಾಗೆ ಮೂಳೆಯಲ್ಲೂ ತಗ್ಗು ಬೀಳುತ್ತದೆ. 1940ರಲ್ಲಿ ಇದನ್ನು ವಿವರಿಸಿದ ಅಮೆರಿಕದ ಇಬ್ಬರು ಎಕ್ಸ್-ರೇ ತಜ್ಞರ ಹೆಸರಿನಲ್ಲಿ ಇದಕ್ಕೆ ಹಿಲ್-ಸ್ಯಾಕ್ಸ್ ಎನ್ನುತ್ತಾರೆ. ತಗ್ಗು ಸಣ್ಣದಿದ್ದರೆ ಚಿಂತೆಯಿಲ್ಲ. ದೊಡ್ಡದಿದ್ದರೆ ಕೈ ಎತ್ತಿದಾಗ ಆ ತಗ್ಗು ಅಂಚಿಗೆ ಸಿಕ್ಕಿಕೊಂಡು ಗುಂಡು ಮತ್ತೆ ಹೊರಗೆ ಮಗುಚುತ್ತದೆ.

ಈಗ ಲೆಕ್ಕ ಹಾಕಿ. ಪ್ರತಿ ಸಲ ಜಾರಿದಾಗಲೂ ಸಿಂಬಿ ಇನ್ನಷ್ಟು ಕಿತ್ತುಬರುತ್ತದೆ, ಚೀಲ ಇನ್ನಷ್ಟು ಹಿಗ್ಗುತ್ತದೆ, ಬಟ್ಟಲಿನ ಅಂಚೂ ಸವೆಯುತ್ತದೆ. ಅದಕ್ಕೇ ಮೊದಲ ಸಲಕ್ಕೆ ಜೋರು ಪೆಟ್ಟು ಬೇಕಾಗಿದ್ದರೆ, ಮೂರನೇ ಸಲಕ್ಕೆ ತಲೆಯ ಕೆಳಗೆ ಕೈ ಇಟ್ಟರೂ ಸಾಕಾಗುತ್ತದೆ. "ನಂಗೀಗ ಅಭ್ಯಾಸ ಆಗಿದೆ, ನಾನೇ ಕೂರಿಸ್ಕೋತೀನಿ" ಎನ್ನುವ ಹುಡುಗರಿದ್ದಾರೆ. ಸುಲಭವಾಗಿ ಕೂರುತ್ತಿದೆ ಎಂದರೆ ತಡೆಯುವುದೇನೂ ಉಳಿದಿಲ್ಲ ಎಂದು ಅರ್ಥ. ವರ್ಷಗಳು ಕಳೆದಂತೆ ಇಂಥ ಕೀಲು ಸವೆದು ಸಂಧಿವಾತ ಬರುವ ಸಾಧ್ಯತೆಯೂ ಹೆಚ್ಚು.

ನರಕ್ಕೂ ಪೆಟ್ಟಾಗಬಹುದು. ಗುಂಡಿನ ಸ್ವಲ್ಪ ಕೆಳಗೆ ಮೂಳೆಯನ್ನು ಬಳಸಿಕೊಂಡು ಒಂದು ನರ ಹೋಗುತ್ತದೆ. ಜಾರುವಾಗ ಅದು ಎಳೆದುಕೊಳ್ಳುತ್ತದೆ. ಆಗ ಪೊಲೀಸರ ಅಂಗಿಯ ತೋಳಿನಲ್ಲಿ ಪಟ್ಟಿ ಇರುವ ಜಾಗ ಮರಗಟ್ಟುತ್ತದೆ, ಕೈಯನ್ನು ಪಕ್ಕಕ್ಕೆ ಎತ್ತುವ ಶಕ್ತಿ ಕಡಿಮೆಯಾಗುತ್ತದೆ. ಬಹುಪಾಲು ಜನರಿಗೆ ಕೆಲವು ವಾರ ಅಥವಾ ತಿಂಗಳುಗಳಲ್ಲಿ ತಾನಾಗಿ ವಾಪಸ್ ಬರುತ್ತದೆ.

ಜಾರಿದ ಕೂಡಲೇ

ಕಂಡರೆ ತಿಳಿಯುತ್ತದೆ. ಭುಜದ ದುಂಡು ಮಾಯವಾಗಿ ಚೌಕದ ಮೂಲೆಯಂತೆ ಕಾಣುತ್ತದೆ. ಇನ್ನೊಂದು ಕೈಯಿಂದ ಮೊಣಕೈ ಹಿಡಿದುಕೊಂಡೇ ನಿಂತಿರುತ್ತಾರೆ. ಆ ಕೈಯಿಂದ ಎದುರಿನ ಭುಜ ಮುಟ್ಟಿ ಎಂದರೆ ಆಗುವುದಿಲ್ಲ.

ಎಳೆಯಬೇಡಿ. ಮೈದಾನದಲ್ಲಿ ಯಾರಾದರೂ "ನಂಗೊತ್ತು, ಒಂದು ಜಗ್ಗಿದರೆ ಕೂರುತ್ತೆ" ಎಂದು ಮುಂದೆ ಬಂದೇ ಬರುತ್ತಾರೆ. ತೊಂದರೆ ಏನೆಂದರೆ, ಜಾರಿದ ಮೂಳೆಯ ಜೊತೆಗೆ ಮುರಿತವೂ ಇರಬಹುದು. ಹೊರಗಿನಿಂದ ಅದು ಕಾಣುವುದಿಲ್ಲ. ಮುರಿದದ್ದನ್ನು ಎಳೆದರೆ ಪಕ್ಕದಲ್ಲೇ ಇರುವ ನರ, ರಕ್ತನಾಳಗಳಿಗೆ ಪೆಟ್ಟು. ವಯಸ್ಸಾದವರ ಟೊಳ್ಳಾದ ಮೂಳೆಯಂತೂ ಎಳೆಯುವಾಗಲೇ ಮುರಿಯಬಹುದು.

ಕೈ ಯಾವ ಭಂಗಿಯಲ್ಲಿದೆಯೋ ಹಾಗೇ ಬಿಟ್ಟು, ಟವಲ್ಲೋ ದುಪ್ಪಟ್ಟಾವೋ ಕೊರಳಿಗೆ ಕಟ್ಟಿ ಆಸರೆ ಕೊಡಿ. ಮೈಗೂ ಕೈಗೂ ನಡುವೆ ಜಾಗವಿದ್ದರೆ ಸಣ್ಣ ದಿಂಬು ತುರುಕಿ. ಬಟ್ಟೆಯಲ್ಲಿ ಸುತ್ತಿದ ಐಸನ್ನು ಹದಿನೈದು ಇಪ್ಪತ್ತು ನಿಮಿಷ ಇಡಬಹುದು. ಬಳೆ, ಉಂಗುರ, ವಾಚು ಬಿಚ್ಚಿಡಿ, ಬೆರಳು ಊದಿಕೊಂಡ ಮೇಲೆ ಬರುವುದಿಲ್ಲ. ನೋವು ತಡೆಯಲಿ ಎಂದು ಕಾಫಿ, ಎಳನೀರು ಕುಡಿಸಬೇಡಿ. ಕೂರಿಸಲು ಮಂಪರಿನ ಮದ್ದು ಬೇಕಾಗಬಹುದು, ಹೊಟ್ಟೆ ಖಾಲಿ ಇದ್ದರೆ ಒಳ್ಳೆಯದು. ಬೆರಳು ತಣ್ಣಗಾದರೆ, ಬಿಳಿಚಿಕೊಂಡರೆ ಅಥವಾ ಜುಮ್ಮೆನ್ನುವುದು ನಿಲ್ಲದಿದ್ದರೆ ಇನ್ನೂ ಬೇಗ ಹೊರಡಿ.

ನಮ್ಮಲ್ಲಿ ಇನ್ನೊಂದು ದಾರಿ ಉಂಟು, ನಾಟಿ ವೈದ್ಯರು ಮೂಳೆಗೆ ಹಾಕುವ ಪುತ್ತೂರು ಕಟ್ಟು. ಬೆಂಗಳೂರಿನ ಬೀದಿಗಳಲ್ಲಿ ಆ ಬೋರ್ಡು ನೋಡದವರು ಕಡಿಮೆ. (ಇದು ದಕ್ಷಿಣ ಕನ್ನಡದ ಪುತ್ತೂರಲ್ಲ, ತಿರುಪತಿ ಹತ್ತಿರದ್ದು.) ಕಟ್ಟಿನ ವಾದಕ್ಕೆ ನಾನು ಇಳಿಯುವುದಿಲ್ಲ. ಯಾರ ಹತ್ತಿರ ಹೋಗುವುದಿದ್ದರೂ ಎಕ್ಸ್-ರೇ ಮೊದಲು ಆಗಲಿ.

ಕೂರಿಸುವುದು: ಬಹಳ ಹಳೆಯ ವಿದ್ಯೆ

ಈಜಿಪ್ಟಿನಲ್ಲಿ ಸುಮಾರು 3,200 ವರ್ಷ ಹಿಂದಿನ ಇಪುಯ್ ಎಂಬ ಶಿಲ್ಪಿಯ ಗೋರಿಯ ಗೋಡೆಯಲ್ಲಿ, ಕೆಲಸಗಾರನೊಬ್ಬನ ಕೈ ಹಿಡಿದು ಭುಜ ಕೂರಿಸುತ್ತಿರುವಂತೆ ಕಾಣುವ ಚಿತ್ರವಿದೆ. ಗ್ರೀಸಿನ ಹಿಪೊಕ್ರೆಟಿಸ್ ರೋಗಿಯ ಕಂಕುಳಿಗೆ ಹಿಮ್ಮಡಿ ಕೊಟ್ಟು ಕೈ ಎಳೆಯುವ ಕ್ರಮ ಹೇಳಿದ. ಮತ್ತೆ ಮತ್ತೆ ಜಾರುವ ಭುಜಕ್ಕೆ ಅವನ ಕಾಲದ ಉಪಾಯ ಕೇಳಿದರೆ ಮೈ ಜುಮ್ಮೆನ್ನುತ್ತದೆ: ಕಂಕುಳಿಗೆ ಕಾದ ಕಬ್ಬಿಣದಿಂದ ಬರೆ! ಗಾಯ ಮಾಯುವಾಗ ಚರ್ಮ ಬಿಗಿದುಕೊಂಡು ಗುಂಡು ಜಾರುವ ದಾರಿ ಮುಚ್ಚುತ್ತದೆ ಎಂಬ ಲೆಕ್ಕ. ವಿಧಾನ ಕ್ರೂರ. ಆದರೆ ಸಡಿಲವಾದದ್ದನ್ನು ಬಿಗಿ ಮಾಡಬೇಕು ಎಂಬ ತಿಳಿವಳಿಕೆ ಆಗಲೇ ಇತ್ತು ನೋಡಿ. 1870ರಲ್ಲಿ ಸ್ವಿಸ್ ಸರ್ಜನ್ ಥಿಯೊಡೋರ್ ಕೋಖರ್ ಕೈಯನ್ನು ತಿರುಗಿಸಿ ಕೂರಿಸುವ ಕ್ರಮ ಬರೆದರು. ಮುಂದೆ 1909ರಲ್ಲಿ ಅವರಿಗೆ ನೊಬೆಲ್ ಬಂತು, ಅದು ಥೈರಾಯ್ಡ್ ಕೆಲಸಕ್ಕೆ.

ಈಗಿನ ಡಾಕ್ಟರು ಶಕ್ತಿಗಿಂತ ಸಮಾಧಾನವನ್ನು ನೆಚ್ಚುತ್ತಾರೆ. ನೋವಿಗೆ ಸ್ನಾಯುಗಳು ಬಿಗಿದುಕೊಂಡಿರುವುದೇ ಮುಖ್ಯ ಅಡ್ಡಿ. ಮದ್ದು ಕೊಟ್ಟು, ಉಸಿರಾಡಲು ಹೇಳಿ, ನಿಧಾನಕ್ಕೆ ಕೈ ತಿರುಗಿಸುತ್ತಾರೆ. ಬೋರಲು ಮಲಗಿಸಿ ಕೈಗೆ ತೂಕ ನೇತುಹಾಕುವ ಕ್ರಮವೂ ಇದೆ. ತಡ ಮಾಡಿದಷ್ಟೂ ಬಿಗಿತ ಜಾಸ್ತಿ, ಕೂರಿಸುವುದು ಕಷ್ಟ. ಕೂತ ಕ್ಷಣ ನೋವು ಅರ್ಧಕ್ಕರ್ಧ ಇಳಿಯುತ್ತದೆ. ಆಮೇಲೆ ಇನ್ನೊಂದು ಎಕ್ಸ್-ರೇ ತೆಗೆಯುತ್ತಾರೆ, "ದುಡ್ಡಿಗೆ" ಎಂದು ಗೊಣಗಬೇಡಿ. ಸರಿಯಾಗಿ ಕೂತಿದೆಯಾ, ಮುರಿತ ಇದೆಯಾ ಎಂದು ತಿಳಿಯಲು ಅದು ಬೇಕೇ ಬೇಕು.

ವಯಸ್ಸು ತೀರ್ಮಾನಿಸುತ್ತದೆ

ಮತ್ತೆ ಜಾರುತ್ತದಾ ಎಂಬುದನ್ನು ವಯಸ್ಸಿನಷ್ಟು ಬೇರೆ ಯಾವುದೂ ಹೇಳುವುದಿಲ್ಲ. ಮೊದಲ ಸಲ ಜಾರಿದಾಗ ಇಪ್ಪತ್ತರೊಳಗೆ ಇದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಮತ್ತೆ ಜಾರುತ್ತದೆ. ಕೆಲವು ಅಧ್ಯಯನಗಳಲ್ಲಿ ಇದು ಶೇ. 80–90ರವರೆಗೂ ಹೋಗಿದೆ. ಹುಡುಗರು, ಅದರಲ್ಲೂ ಮೈಗೆ ಮೈ ತಾಗುವ ಆಟ ಆಡುವವರು, ಇನ್ನೂ ಮುಂದು. ನಲವತ್ತು ದಾಟಿದವರಿಗೆ ಮತ್ತೆ ಜಾರುವುದು ಕಡಿಮೆ.

ಹಾಗಂತ ವಯಸ್ಸಾದವರು ಪಾರಾದರು ಎಂದಲ್ಲ. ಹರಿಯುವ ಜಾಗ ಬದಲಾಗುತ್ತದೆ ಅಷ್ಟೆ. ಎಳೆಯರಲ್ಲಿ ಸಿಂಬಿ ಕೀಳುತ್ತದೆ. ವಯಸ್ಸಾದಂತೆ ರೊಟೇಟರ್ ಕಫ್‌ನ ನಾರುಗಳು ಹಳೇ ಹಗ್ಗದ ಹಾಗೆ ನವೆದಿರುತ್ತವೆ, ಹಾಗಾಗಿ ಅವೇ ಹರಿಯುತ್ತವೆ. ಬಚ್ಚಲಲ್ಲಿ ಬಿದ್ದು ಭುಜ ಜಾರಿದ ಅಜ್ಜಿ, ಕೂರಿಸಿ ಮೂರು ವಾರವಾದರೂ ಕೈ ಎತ್ತಿ ಜಡೆ ಹಾಕಿಕೊಳ್ಳಲು ಆಗುತ್ತಿಲ್ಲ ಎಂದರೆ, "ವಯಸ್ಸಾಯ್ತಲ್ಲ" ಎಂದು ಸುಮ್ಮನಾಗಬಾರದು. ಕಫ್ ಹರಿದಿದೆಯೋ ಎಂದು ಸ್ಕ್ಯಾನ್ ಮಾಡಿಸಬೇಕು.

ಸ್ಲಿಂಗಿನ ವಿಷಯದಲ್ಲೂ ವಯಸ್ಸಿನ ಲೆಕ್ಕವೇ. ಎಳೆಯರಿಗೆ ಎರಡು ಮೂರು ವಾರ ಹೇಳಬಹುದು. ಹಿರಿಯರಿಗೆ ಬೇಗ ತೆಗೆಸುತ್ತಾರೆ, ಯಾಕೆಂದರೆ ಕಟ್ಟಿಟ್ಟ ಭುಜ ಅವರಲ್ಲಿ ಬೇಗ ಬಿಗಿದುಕೊಳ್ಳುತ್ತದೆ. ಸಕ್ಕರೆ ಕಾಯಿಲೆ ಇದ್ದರೆ ಇನ್ನೂ ಬೇಗ. ಜಾರುವ ಭುಜ ಹೋಗಿ ಹಿಡಿದುಕೊಂಡ ಭುಜ ಬರುತ್ತದೆ.

ವ್ಯಾಯಾಮವೋ ಆಪರೇಷನ್ನೋ?

ಸಿಂಬಿಯನ್ನು ವ್ಯಾಯಾಮದಿಂದ ಅಂಟಿಸಲು ಆಗುವುದಿಲ್ಲ. ಆದರೆ ಹಗ್ಗ ಹಿಡಿಯುವವರನ್ನು, ಅಂದರೆ ಆ ನಾಲ್ಕು ಸ್ನಾಯುಗಳನ್ನು, ಬಲಪಡಿಸಬಹುದು. ರಬ್ಬರ್ ಬ್ಯಾಂಡ್ ಕಟ್ಟಿ ಕೈಯನ್ನು ಒಳಗೆ ಹೊರಗೆ ತಿರುಗಿಸುವುದು, ಹೆಗಲ ಮೂಳೆಗಳನ್ನು ಹಿಂದಕ್ಕೆ ಕೂಡಿಸುವುದು, ಗೋಡೆಗೆ ಕೈಯೂರಿ ದಂಡ ಹೊಡೆಯುವುದು: ನೋಡಲು ಮಕ್ಕಳಾಟದ ಹಾಗಿರುತ್ತವೆ, ಅದಕ್ಕೇ ಎರಡನೇ ವಾರಕ್ಕೆ ಬಿಟ್ಟುಬಿಡುತ್ತಾರೆ. ನಮ್ಮ ಹುಡುಗ ಮಾಡಿದ್ದೂ ಅದನ್ನೇ. ಕನಿಷ್ಠ ಮೂರು ತಿಂಗಳು ಬಿಡದೆ ಮಾಡಿದರೆ ಮಾತ್ರ ಫಲ ಗೊತ್ತಾಗುವುದು. ನಡುವಯಸ್ಸಿನವರಿಗೆ, ಜೋರು ಆಟ ಆಡದವರಿಗೆ ಇಷ್ಟೇ ಸಾಕಾಗುವುದುಂಟು.

ಪದೇ ಪದೇ ಜಾರುತ್ತಿದ್ದರೆ, ಅಥವಾ ಎಳೆ ವಯಸ್ಸಿನವರು ಮತ್ತೆ ಅದೇ ಆಟಕ್ಕೆ ಇಳಿಯಬೇಕಿದ್ದರೆ ಆಪರೇಷನ್ ಮಾತು ಬರುತ್ತದೆ. ಸಾಮಾನ್ಯವಾಗಿ ಸಣ್ಣ ತೂತುಗಳ ಮೂಲಕ ಕ್ಯಾಮೆರಾ ತೂರಿಸಿ, ಬಟ್ಟಲಿನ ಅಂಚಿನಲ್ಲಿ ಪುಟ್ಟ ಗೂಟಗಳನ್ನು ನೆಟ್ಟು, ಅವುಗಳ ದಾರದಿಂದ ಸಿಂಬಿಯನ್ನು ಹೊಲಿದು ಕೂರಿಸುತ್ತಾರೆ. ಬಟ್ಟಲಿನ ಮೂಳೆಯೇ ಸುಮಾರು ಐದನೇ ಒಂದು ಭಾಗದಷ್ಟು ಸವೆದಿದ್ದರೆ ಹೊಲಿಗೆ ನಿಲ್ಲುವುದಿಲ್ಲ. ಆಗ ಭುಜದ ಮುಂದೆಯೇ ಇರುವ ಕೊಕ್ಕಿನಂಥ ಮೂಳೆಯ ತುಂಡನ್ನು ಅದಕ್ಕಂಟಿದ ಸ್ನಾಯುವಿನ ಸಮೇತ ತಂದು ಅಂಚಿಗೆ ಸ್ಕ್ರೂ ಹಾಕುತ್ತಾರೆ. 1954ರಲ್ಲಿ ಇದನ್ನು ವಿವರಿಸಿದ ಫ್ರೆಂಚ್ ಸರ್ಜನ್ ಲಟಾರ್ಜೆ ಅವರ ಹೆಸರೇ ಇದಕ್ಕಿದೆ. ಅದಕ್ಕಾಗಿಯೇ ಆಪರೇಷನ್ ಮುಂಚೆ ಎಂಆರ್‌ಐ ಜೊತೆಗೆ ಕೆಲವರಿಗೆ ಸಿಟಿ ಸ್ಕ್ಯಾನ್ ಕೂಡ ಬರೆಯುವುದು. ಒಂದು ಸಿಂಬಿ ನೋಡಲು, ಇನ್ನೊಂದು ಮೂಳೆ ಅಳೆಯಲು.

ಆಪರೇಷನ್ ಆದರೆ ಮರುವಾರ ಮೈದಾನಕ್ಕೆ ಹೋಗಲು ಆಗುವುದಿಲ್ಲ. ನಾಲ್ಕರಿಂದ ಆರು ವಾರ ಸ್ಲಿಂಗ್, ಆಮೇಲೆ ಫಿಸಿಯೋ, ಕಬಡ್ಡಿಯಂಥ ಆಟಕ್ಕೆ ಸುಮಾರು ಆರು ತಿಂಗಳು. ಶ್ರೇಯಸ್ ಅಯ್ಯರ್‌ಗೆ 2021ರ ಏಪ್ರಿಲ್‌ನಲ್ಲಿ ಆಪರೇಷನ್ ಆಯಿತು, ಐಪಿಎಲ್‌ನಲ್ಲಿ ಬ್ಯಾಟ್ ಹಿಡಿದದ್ದು ಸೆಪ್ಟೆಂಬರ್‌ನಲ್ಲಿ. ನಮ್ಮ ಕೆ.ಎಲ್. ರಾಹುಲ್ ಕೂಡ 2017ರಲ್ಲಿ ಭುಜದ ಗಾಯಕ್ಕೆ ಲಂಡನ್ನಿನಲ್ಲಿ ಆಪರೇಷನ್ ಮಾಡಿಸಿಕೊಂಡು ಆ ವರ್ಷದ ಐಪಿಎಲ್ ಪೂರ್ತಿ ಬಿಟ್ಟಿದ್ದರು. ದಿನವಿಡೀ ಫಿಸಿಯೋ ಪಕ್ಕದಲ್ಲಿರುವವರಿಗೇ ಇಷ್ಟು ಕಾಲ ಬೇಕು.

ಮನೆಯಲ್ಲಿ

ಭುಜ ಗಟ್ಟಿಯಾದರೂ ಭಯ ಬೇಗ ಹೋಗುವುದಿಲ್ಲ. ಅಟ್ಟದ ಡಬ್ಬಿ ತೆಗೆಯಲು ಕೈ ಎತ್ತಿದಾಗ "ಈಗ ಜಾರುತ್ತೆ" ಎಂದು ಮೈಯೇ ಹಿಂಜರಿಯುತ್ತದೆ. ಇದು ಬರೀ ಮನಸ್ಸಿನ ಅಳುಕಲ್ಲ. ಡಾಕ್ಟರು ಕೈಯನ್ನು ಅದೇ ಭಂಗಿಗೆ ಮೆಲ್ಲಗೆ ತಂದು, ರೋಗಿಯ ಮುಖದಲ್ಲಿ ಈ ಹಿಂಜರಿಕೆ ಕಾಣುತ್ತದೆಯೇ ಎಂದು ನೋಡುವುದು ಒಂದು ಪರೀಕ್ಷೆಯೇ ಆಗಿದೆ.

ಅಕ್ಕನ ಮಗನಿಗೆ ಹೋದ ತಿಂಗಳು ಸಿಂಬಿ ಹೊಲಿದರು. ಸದ್ಯ ಅಂಗಾತ ಮಲಗಿ, ಮೊಣಕೈ ಕೆಳಗೆ ದಿಂಬು ಇಟ್ಟುಕೊಳ್ಳುತ್ತಾನೆ. ಟೀ ಶರ್ಟೆಲ್ಲ ಬೀರುವಿನೊಳಗೆ ಹೋಗಿವೆ, ಅಪ್ಪನ ಗುಂಡಿ ಅಂಗಿಗಳು ಹೊರಬಂದಿವೆ. ಮೊದಲ ದಿನ ಹಾಕಿಸಲು ಹೋಗಿ ತಾಯಿ ಮಗ ಇಬ್ಬರೂ ಬೆವರಿದರು. ಆಮೇಲೆ ಫಿಸಿಯೋ ಹೇಳಿಕೊಟ್ಟರು: ಅಂಗಿ ಹಾಕುವಾಗ ನೋವಿನ ಕೈ ಮೊದಲು, ಬಿಚ್ಚುವಾಗ ನೋವಿನ ಕೈ ಕೊನೆಗೆ.